ಹದಿನೇಳರ ಮಗ್ಗಿ

ಅಡುಗೆಮನೆ ಹೊಸ್ತಿಲಿಗೆ ಬಂದರೆ ಇವಳ ಕಾಲು
ನೆಲ ಕಚ್ಚಿಕೊಳ್ಳುತ್ತದೆ.
ಹೊಸ್ತಿಲೆಂದರೆ ಹೊಸ್ತಿಲೂ ಅಲ್ಲ,
ಕಾರ್ಪೆಟ್ಟು ಮುಗಿದು ಲಿನೋಲಿಯಂ ಶುರುವಾಗುವಲ್ಲಿ
ಒಂದು ಹಿತ್ತಾಳೆ ಪಟ್ಟಿ, ಅಷ್ಟೆ.
ಆಚೆ ಕುಕ್ಕರು ಕೂಗುತ್ತಿದೆ. ಈಚೆ ಇವಳು:
ಮೇಲಿನರ್ಧ ಹೊರಟಾಗಿದೆ, ಕೆಳಗಿನರ್ಧ ಬಂದಿಲ್ಲ.

ಈ ಹಲ್ ಊರಿನ ಡಿಪೋದಲ್ಲಿ ಮೂವತ್ತೊಂದು ವರ್ಷ
ಬಸ್ಸಿನ ಹೊಟ್ಟೆಯಡಿ ಮಲಗಿ ದುಡಿದವನು ನಾನು.
ಗೇರು ಸಿಕ್ಕಿಕೊಂಡರೆ ಏನು ಮಾಡಬೇಕೆಂದು ಬಲ್ಲೆ.
ಮೊದಲು ಹಾಗೇ ಮಾಡಿದೆ. ಕೈ ಹಿಡಿದು ಎಳೆದೆ.
ಇಬ್ಬರೂ ಬಿದ್ದೆವು.
ಫ್ರಿಜ್ಜಿನ ಮೇಲಿದ್ದ ಎಳ್ಳಿನ ಡಬ್ಬಿಯೂ ಬಿತ್ತು.
ನಗು ಬಂತು, ಏಳಲು ಬರಲಿಲ್ಲ.

ಫಿಸಿಯೋ ಗ್ಲೆನಿಸ್ ನನಗಿಂತ ಒಂದು ಗೇಣು ಎತ್ತರ.
ಅವಳ ಇಂಗ್ಲಿಷು ನನ್ನ ಕಿವಿಯಲ್ಲಿ ಹೀಗೆ ಕನ್ನಡವಾಯಿತು:
ಇವರನ್ನು ಎಳೆಯಬೇಡಿ, ಗೆರೆ ಎಳೆಯಿರಿ.
ದಾಟಲಿಕ್ಕೆ ಏನಾದರೂ ಕೊಡಿ, ಜೊತೆಗೊಂದು ತಾಳ ಕೊಡಿ.

ನಿವೃತ್ತಿಯ ದಿನ ಡಿಪೋದಿಂದ ತಂದ
(ಕದ್ದ ಅನ್ನಿ, ಬೇಜಾರಿಲ್ಲ) ಕೆಂಪು ಟೇಪು
ಅಂತೂ ಕೆಲಸಕ್ಕೆ ಬಂತು. ಮೊಳಕ್ಕೊಂದು ಗೆರೆ,
ಮಲಗುವ ಕೋಣೆಯಿಂದ ಒಲೆಯವರೆಗೆ
ಉದ್ದಕ್ಕೂ ಒಂದು ಕುಂಟಾಬಿಲ್ಲೆ.
ತಾಳಕ್ಕೇನು ಮಾಡಲಿ? ಹಾಡು ನನಗೆ ಒಲಿದದ್ದಲ್ಲ.
ಹರಿಹರದ ಮುನಿಸಿಪಲ್ ಶಾಲೆಯಲ್ಲಿ ಇವಳು
ಚನ್ನಬಸಮ್ಮ ಟೀಚರು, ರೂಲುದೊಣ್ಣೆ ಹಿಡಿದು
ಮಗ್ಗಿ ಹೇಳಿಸಿದವಳು.

ಎರಡರದ್ದು ಹೇಳಿದೆ. ಕಾಲು ಕದಲಲಿಲ್ಲ.
ಐದರದ್ದು, ಹತ್ತರದ್ದು, ಊಹೂಂ.
ಹದಿನೇಳರದ್ದು ಹಿಡಿದೆ:
ಹದಿನೇಳೈದ್ಲ ಎಂಬತ್ತೈದು,
ಹದಿನೇಳಾರ್ಲ ನೂರೆರಡು,
ಹದಿನೇಳೇಳ್ಲ ನೂರ ಹದಿನೇಳು
"ಹತ್ತೊಂಬತ್ತು!"
ಅಂದ ಸಿಟ್ಟಿಗೆ ಬಲಗಾಲು ಎದ್ದು ಗೆರೆ ದಾಟಿತು,
ಎಡಗಾಲು ಹಿಂದೆಯೇ ಬಂತು, ತರಗತಿಗೆ ತಡವಾದ ಹುಡುಗನ ಹಾಗೆ.

ದನಿ ಸಣ್ಣಗಾಗಿದೆ ಇವಳದ್ದು. ಅಕ್ಷರ
ಕರಿಹಲಗೆ ತುಂಬುತ್ತಿದ್ದದ್ದು ಈಗ ಸಾಸಿವೆ.
ಸಿಟ್ಟು ಮಾತ್ರ ಹರಿಹರದ್ದೇ.
ಅಂದಿನಿಂದ ದಿನಕ್ಕೆ ಹತ್ತು ಸಲ
ಬೇಕೆಂದೇ ದಡ್ಡನಾಗಿದ್ದೇನೆ.

ಏಳಕ್ಕೆ, ಹನ್ನೊಂದಕ್ಕೆ, ಮೂರಕ್ಕೆ, ಏಳಕ್ಕೆ ಇವಳ ಮಾತ್ರೆ.
ಐದು ನಿಮಿಷ ತಡವಾದರೂ ಮೈ ಮರ.
ಮಾತ್ರೆಯಾಗಿ ಅರ್ಧ ಗಂಟೆ ಬೇಳೆಯ ಸಾರು ಕೂಡದು.
ಅಲಾರಂ ನಾಲ್ಕು. ಒಂದೂ ನನ್ನದಲ್ಲ.
ನನ್ನ ರಕ್ತದೊತ್ತಡದ ಮಾತ್ರೆ ಬೇಸಿಗೆಯಿಂದ
ಕೋಟಿನ ಜೇಬಲ್ಲೇ ಇತ್ತು, ಬಸ್ ಟಿಕೇಟಿನ ಜೊತೆ.

ಲೀಡ್ಸಿನಿಂದ ಮಗಳು ಬಂದು ನನ್ನನ್ನೇ ಎಳೆದುಕೊಂಡು ಹೋದಳು
(ನನ್ನ ಕಾಲಿಗೇನು ಗೆರೆ ಬೇಕೆ?).
ನರ್ಸು ತೋಳಿಗೆ ಪಟ್ಟಿ ಬಿಗಿದಳು, ನೋಡಿದಳು, ಮತ್ತೆ ಬಿಗಿದಳು.
ಮನೆಗೆ ಬಂದರೆ ಇವಳು ಕುರ್ಚಿಯಿಂದಲೇ: ಎಷ್ಟು?
ನೂರೆಪ್ಪತ್ತು, ಅಂದೆ.
ಬಹಳ ಹೊತ್ತು ಮಾತಾಡಲಿಲ್ಲ.
ಆಮೇಲೆ ಸಣ್ಣಗೆ, ನನಗಲ್ಲ, ಕಿಟಕಿಗೆ ಹೇಳಿದ ಹಾಗೆ:
"ಹದಿನೇಳ್ಹತ್ಲ."

ಈಗ ಅಲಾರಂ ಐದು.
ಬೆಳಿಗ್ಗೆ ಎಂಟಕ್ಕೆ ಸಾಲುಮನೆಗಳ ಹಿಂದಿನ ಓಣಿಯಲ್ಲಿ
ಕಸದ ಗಾಡಿ ಗುಡುಗುವ ಹೊತ್ತಿಗೆ
ಒಳಗಿಂದ ಗಿಲಗಿಲ ಸದ್ದು ಹೊರಡುತ್ತದೆ.
ನಡುಗುವ ಮುಷ್ಟಿಯಲ್ಲಿ ನನ್ನ ಮಾತ್ರೆಯ ಸೀಸೆ.
ಗೆರೆ ದಾಟಿ, ಗೆರೆ ದಾಟಿ, ಹಿತ್ತಾಳೆ ಪಟ್ಟಿಯ ಹತ್ತಿರ
ನಿಂತುಬಿಡುತ್ತದೆ ಸದ್ದು.

"ನಿಮ್ಮ ಆಟ ಗೊತ್ತು ನನಗೆ," ಅನ್ನುತ್ತಾಳೆ ಅಲ್ಲಿಂದ.
"ಒಂದು ಸಲ ಸರಿಯಾಗಿ ಹೇಳಿ, ಕೇಳೋಣ."

ಬರುತ್ತದೆ. ಈ ವಯಸ್ಸಿಗೆ ಪೂರ್ತಿ ಬಾಯಿಪಾಠವಾಗಿದೆ.
ಆದರೆ ಸರಿ ಹೇಳಿ, ಇವಳು ಅಲ್ಲೇ ನಿಂತುಹೋದರೆ?

ನೀರಿನ ಲೋಟ ಹಿಡಿದು, ನೆಲ ನೋಡುತ್ತ,
ಹದಿನೇಳೇಳ್ಲ, ಅಂದೆ,
ನೂರ ಹದಿನೆಂಟು.