ಎಲ್ಲಾ ಖೋಲಿ

ಶನಿವಾರ, ಬೆಳಗಿನ ಜಾವ ನಾಲ್ಕೂಮುಕ್ಕಾಲು.
ಡಾಕ್‌ಯಾರ್ಡ್ ರೋಡ್ ಸ್ಟೇಷನ್ನಿನ ಮೆಟ್ಟಿಲ ಬಳಿ
ನಾವು ಮೂವರು: ಸುಗಂಧಬಾಯಿ, ನಾನು,
ನಿದ್ದೆ ಬಿಡದ ಅವಳ ಮೊಮ್ಮಗ ಹನೋಕ.
ಕೈಯಲ್ಲಿ ಪುಸ್ತಕವಿಲ್ಲ, ಬಾಯಲ್ಲಿ ಹಾಡಿಲ್ಲ.
ಕಣ್ಣು ಮುಚ್ಚುವಂತಿಲ್ಲ,
ಗಟಾರದ ಮುಚ್ಚಳ ಯಾರೋ ಕದ್ದೊಯ್ದಿದ್ದಾರೆ.
"ಕಣ್ಣು ಬಿಟ್ಕೊಂಡೇ ಬೇಡಬೇಕು" ಅನ್ನುತ್ತಾಳೆ
ಮೂವತ್ತು ವರ್ಷ ಆಸ್ಪತ್ರೆಯ ರಾತ್ರಿಪಾಳಿ ಮಾಡಿದವಳು,
"ಮುಚ್ಚಿದರ ಯಾರಿಗೆ ಬೇಡ್ತಿ, ಹ್ಯಾಂಗ ಗೊತ್ತಾಗಬೇಕು?"

ಹುಮನಾಬಾದಿನ ಕಡೆಯವಳು. ಅವಳ ಪ್ರಾರ್ಥನೆ
ಸಂತೆಯ ಚೌಕಾಸಿಯ ಹಾಗೆ.
ಈ ಪಾನಿನಂಗಡಿಯಾಂವಗ ಕೆಮ್ಮು ಅದ, ನೋಡು.
ಈ ಗಾಡಿ ಕೆಳಗ ಮಲಗಿದಾಂವಗ ಚಾದರ ಸಾಲದು, ನೋಡು.
ಹಡಗು ಒಡಿಯಾಕ ಹೋಗೋ ಹುಡುಗರ ಬೆರಳು
ಹೋಗೂ ಮುಂದ ಎಣಿಸು, ಬರೂ ಮುಂದ ಎಣಿಸು.
ದೇವರು ಚೀಲ ಹಿಡಿದು
ಒಂದು ಹೆಜ್ಜೆ ಮುಂದೆ ನಡೆಯುತ್ತಿರುವಂತೆ.

ನನಗೆ ಹಾಗೆ ಬರುವುದಿಲ್ಲ.
ಇಪ್ಪತ್ತೊಂಬತ್ತು ವರ್ಷ ಇದೇ ಗಲ್ಲಿಗಳಲ್ಲಿ
ಬೆಸ್ಟ್‌ನ ಕರೆಂಟು ಮೀಟರು ಓದಿದವನು ನಾನು.
ಹೆಸರು ತಿಳಿಯದು, ಅಂಕಿ ತಿಳಿಯುತ್ತದೆ.
ಯಾವ ಮನೆಗೆ ಫ್ರಿಜ್ ಬಂತು,
ಯಾವ ಮನೆಯ ಹುಡುಗಿ ಪರೀಕ್ಷೆಗೆ ಕೂತಳು,
ಯಾವ ಮನೆಯಲ್ಲಿ ಹಗಲೂ ರಾತ್ರಿ ತಿರುಗಿದ ಫ್ಯಾನು
ಒಂದು ತಿಂಗಳು ಏಕಾಏಕಿ ನಿಂತಿತು,
ಎಲ್ಲ ಯೂನಿಟ್ಟಿನಲ್ಲೇ ತಿಳಿದವನು.
ಹಾಗಾಗಿ ನನ್ನ ಪ್ರಾರ್ಥನೆಯೂ ಅಂಕಿ.
ಹದಿನೇಳು, ಆಮೆನ್. ಹದಿನೆಂಟು, ಆಮೆನ್.
ಹತ್ತೊಂಬತ್ತಕ್ಕೆ ಯಾವಾಗಲೂ ಬೀಗ.

ಮೋತಿವಾಲಾ ಬಿಲ್ಡಿಂಗಿನ ಗೇಟಿಗೆ ಹೊಸ ವಾಚ್‌ಮನ್.
ರಿಜಿಸ್ಟರು ತೆರೆದ. ಹೆಸರು? ಎಲ್ಲಿಂದ? ಯಾವ ಖೋಲಿ?
ನಾನು ತಡವರಿಸಿದೆ. ಹನೋಕ ಮೊಬೈಲು ನೋಡಿಕೊಂಡ.
"ಎಲ್ಲಾ ಖೋಲಿ ಅಂತ ಬರೀ ತಮ್ಮಾ" ಅಂದಳು
ಅರ್ಧ ಬೀದರು ಬೆರೆತ ಅವಳ ಹಿಂದಿಯಲ್ಲಿ.
ಕೆಲಸ?
"ಹೋಗಿ ಬರೋದು."
ಅವನು ಬರೆದ. ನಿಜಕ್ಕೂ ಬರೆದ.

ಬಿಲ್ಡಿಂಗಿಗೆ ನಲವತ್ತು ಮರದ ಊರುಗೋಲು.
ಗೋಡೆಗೆ ನೋಟೀಸು: ಅಪಾಯಕಾರಿ, ಖಾಲಿ ಮಾಡಿ.
ಒಳಗೆ ಎಪ್ಪತ್ತೆರಡು ಒಲೆ.
ಸಂಡೇಸ್ಕೂಲಿನಲ್ಲಿ ನಾವು ಕಲಿತದ್ದು ಬೇರೆ:
ಏಳು ದಿನ ಸುತ್ತಿದರು, ಕೊಂಬೂದಿದರು,
ಊರಗೋಡೆ ಕುಸಿಯಿತು, ನಾವು ಚಪ್ಪಾಳೆ ತಟ್ಟಿದೆವು.
ಆ ಗೋಡೆಗೆ ಒರಗಿ ಮಲಗಿದ್ದವರು ಯಾರು
ಅಂತ ಕೇಳಿದ ನೆನಪಿಲ್ಲ.
ಈಗ ಸುತ್ತುತ್ತೇವೆ
ಸದ್ದಾಗದಂತೆ, ಚಪ್ಪಲಿ ಕೈಯಲ್ಲಿ ಹಿಡಿದು,
ಬೀಳದಿರಲಿ ಅಂತ.
ಈ ಮಳೆಗಾಲವೊಂದು ದಾಟಲಿ. ಅಷ್ಟೇ.
ಏಳು ಸುತ್ತಲ್ಲ, ಒಂದೇ. ಸುಗಂಧಬಾಯಿಗೆ ಮೊಣಕಾಲು.

ಮೀಟರು ಕೋಣೆಯ ಮುಂದೆ ನನ್ನ ಕಾಲು ನಿಂತಿತು.
ಮೂವತ್ತೊಂದು. ತಾರಾಮತಿ ಮ್ಹಾಪಣಕರ್.
ಇದೊಂದೇ ಹೆಸರು ಗೊತ್ತು, ನಾನೇ ಬರೆದದ್ದು;
ಆ ವರ್ಷ ನನ್ನನ್ನು ಕಡಿತದ ಗ್ಯಾಂಗಿಗೆ ಹಾಕಿದ್ದರು.
ಮೇ ತಿಂಗಳು. ಮೂರು ಬಿಲ್ಲು ಬಾಕಿ. ಫ್ಯೂಸು ಕಿತ್ತೆ.
ಮೇಲೆ ಹೋಗಿ ಸಹಿ ಕೇಳಿದೆ. ಮಾಡಿದಳು.
ಬಿಸಿಲಲ್ಲಿ ಬಂದಿದ್ದೀಯ, ಕೂತ್ಕೋ ಅಂದಳು.
ಕಿಟಕಿಯಿಲ್ಲದ ಅಡುಗೆಮೂಲೆಯ ಕತ್ತಲಲ್ಲಿ
ಸಕ್ಕರೆ ಡಬ್ಬ ತಡಕಾಡಿ ಚಹಾ ಮಾಡಿ ಕೊಟ್ಟಳು.
ಕುಡಿದೆ.
ಫ್ಯೂಸು ನನ್ನ ಚೀಲದಲ್ಲಿತ್ತು.

ಆಗಿನ ಮೀಟರಿಗೆ ಚಕ್ರವಿತ್ತು, ಅಂಚಿಗೆ ಕೆಂಪು ಗುರುತು.
ತಿರುಗಿದರೆ, ಒಳಗೆ ಯಾರೋ ಎಚ್ಚರ.
ಈಗ ಬರೀ ಮಿಣುಕು ದೀಪ.
ಜಾಲರಿಗೆ ಹಣೆ ಒತ್ತಿ ಹುಡುಕಿದೆ.
ಕನ್ನಡಕ ಮನೆಯಲ್ಲೇ ಬಿಟ್ಟು ಬಂದಿದ್ದೆ.
ಎಪ್ಪತ್ತೆರಡು ಕೆಂಪು ಚುಕ್ಕಿ, ಒಂದರೊಳಗೊಂದು ಕಲಸಿ.

"ಯಾವುದು ಅಜ್ಜಾ?" ಅಂದ ಹನೋಕ,
ಮೊಬೈಲಿನ ಟಾರ್ಚು ಹಾಕಿ.
ಆ ಬೆಳಕಿಗೆ ಚುಕ್ಕಿಗಳೆಲ್ಲ ಮಾಯ.

"ಆರಿಸು" ಅಂದೆ.