ಲಗು, ಸಾವಕಾಶ

ಮಶಾಕ ಹೊಸಾ ಡ್ರೈವ್ ಕೂಡಿಸಿ, ಡಬ್ಬಿ ಮುಚ್ಚಿ,
ಒಂದು ಸ್ಕ್ರೂ ಉಳೀತು ಅಂತ ನನ್ನ ಕೈಯಾಗ ಇಟ್ಟ.
ಸಣ್ಣದು ಲಗು ಅದ, ಹಳೇದು ದೊಡ್ಡದು, ಸಾವಕಾಶ.
ಯಾವುದರಾಗ ಏನಿಡ್ತೀ ನೀನೇ ನೋಡು, ಜಗದೇವಿ,
ಅಂದವನೇ ಗಾಡಿ ಹೊಡಕೊಂಡು ಹೋದ.

ಶಹಾಬಜಾರ್ ನಾಕಾದ ಈ ಫ್ಲೆಕ್ಸ್ ಅಂಗಡಿಯಾಗ
ಹನ್ನೊಂದು ವರ್ಷದ ಮಾರಿಗಳು ಅವ.
ತಂಪು ಕನ್ನಡಕದ ವಾರ್ಡ್ ನಾಯಕರು,
ಎದಿಮಟ ಕತ್ತರಿಸಿ ಹಿಂದಿನ ಗ್ವಾಡಿ ತಗದವರು;
ಮೊದಲ ವರ್ಷದ ಕೂಸು, ತೆಲಿಮ್ಯಾಲ ಕಿರೀಟ;
ಟ್ಯೂಷನ್ನು, ಬೋರ್‌ವೆಲ್ಲು, ತೊಗರಿ ಬೀಜ.
ಗುಲಾಬಿ ಹೂ ನೂರಾ ನಲವತ್ತು ತರಹದ್ದು.
ಮುಳುಗೋ ಸೂರ್ಯ ಮಾತ್ರ ಒಂದೇ,
ಎಲ್ಲಾರ ಬೆನ್ನ ಹಿಂದೂ ಅದೇ ಮುಳುಗತದ.

ನಮ್ಮ ಆಯಿ ಜೇವರ್ಗಿ ಕಡೆಯಾಕಿ.
ಬೀಸೂಕಲ್ಲಿನ ಬಾಜೂಕ ದಿನದ ಜ್ವಾಳದ ಡಬ್ಬಿ,
ಅಂಗಳದ ಬುಡಕ ಹಗೇವು.
ಅದರ ಬಾಯಿ ತಗದ ಕೂಡಲೆ ಯಾರೂ ಇಳೀತಿರಲಿಲ್ಲ.
ಹಗ್ಗಕ್ಕ ದೀಪ ಕಟ್ಟಿ ಕೆಳಗ ಬಿಡಾಕಿ.
ಆರಿತೋ,
ನಾಳಿಗಿ ಬರ್ರಿ, ಇವತ್ತು ಡಬ್ಬಿದಾಗಿಂದೇ ಬೀಸೋಣ ಅನ್ನಾಕಿ.
ಈ ದೊಡ್ಡ ಡ್ರೈವ್ ಎದ್ದು ಗುರ್ ಅನ್ನೋತನಕ
ನಾನೂ ಹಂಗೇ ಕುಂತಿರ್ತೀನಿ,
ಮೌಸಿನ ಮ್ಯಾಲ ಕೈ ಇಟ್ಟು.

ವಿಂಡೋಸ್ ಸಣ್ಣದರಾಗ, ಅದರಾಗ ಮಾತಿಲ್ಲ.
ಡಿಸೈನ್ ಮಾಡೋವು, ಫಾಂಟು, ಅವೂ ಅಲ್ಲೇ.
ಮುಂದಿಂದು ತಿಳೀಲಿಲ್ಲ.
ಖುಷಿ ಮುಂದ ಅವ ಅಂತ ಮೊದಲು ಅವನ್ನೇ ಎಳದೆ,
ಆಮ್ಯಾಲ ಕೈ ನಿಂತಿತು.
ಹುಟ್ಟಿದ ಹಬ್ಬ ಬರೋದು ವರ್ಷದ ಮೊದಲೇ ಗೊತ್ತಿರ್ತದ,
ಲಗ್ನಾ ತಿಂಗಳ ಮೊದಲು.
ಅವಸರ ಇರೋದು ಸತ್ತೋರದು.
ಮುಂಜಾನಿ ಆರಕ್ಕ ಶಟರ್ ಬಡೀತಾರ
ಆಧಾರ್ ಕಾರ್ಡಿನ ಜೆರಾಕ್ಸ್ ಹಿಡಕೊಂಡು,
ಹನ್ನೆರಡಕ್ಕ ಮಣ್ಣು ಅದ ಅಕ್ಕಾ, ಅಷ್ಟರಾಗ ಆಗ್ಬೇಕು.
ನಾ ಹೆಸರು ಕೇಳತೀನಿ, ಸಿಗತದ,
ಹೋದ ವರ್ಷದ ಹುಟ್ಟಿದ ಹಬ್ಬದಾಗ, ಕೇಕಿನ ಬಾಜೂಕ.
ಅದೇ ಫೋಟೋ. ಹಿಂದ ನಿಂತ ಮಗ ಸಣ್ಣಗ ಕೇಳ್ತಾನ:
ನಗಲಿಕತ್ಯಾರ, ಹಲ್ಲು ಮುಚ್ಚಲಿಕ್ಕ ಬರ್ತದೇನ್ರಿ?

ಚೆಂಡುಹೂವಿನ ಚೌಕಟ್ಟು, ಎರಡು ದೀಪ,
'ಭಾವಪೂರ್ಣ' ಅನ್ನೋದು ಸಣ್ಣದಕ್ಕ ಹಾಕಿದೆ.
ನಾಯಕರೆಲ್ಲ ದೊಡ್ಡದಕ್ಕ ಹೋದರು, ಕನ್ನಡಕ ಸಮೇತ.

ನಾಕಕ್ಕ ಪೇಂಟರ್ ದೇವಿಂದ್ರಪ್ಪ ಬಂದ.
ಫ್ಲೆಕ್ಸ್ ಬರೋಕ ಮೊದಲು ಸೂಪರ್ ಮಾರ್ಕೆಟ್‌ನಾಗ
ಅರ್ಧ ಶಟರು ಅವನ ಕೈಯವು.
ಈಗ ದಿನಾ ಬಂದು ನನ್ನ ಪರದೆ ಬೈತಾನ:
ಈ 'ಳ' ನೋಡು, ಹೊಟ್ಟಿ ಅದ, ಉಸಿರಿಲ್ಲ.
ಹೋದ ಬ್ಯಾಸಗ್ಯಾಗ ಹಠ ಮಾಡಿ ಬರಸಿದ್ದೆ,
ನಲವತ್ತೊಂಬತ್ತೂ, ನಡುಗೋ ಕೈಲೆ.
'ಣ' ಮೂರು ಸಲ ಕೆಡಿಸಿ ಕುಂಚಕ್ಕೇ ಬೈದ.
ಎಲ್ಲಾ ಸ್ಕ್ಯಾನ್ ಮಾಡೀನಿ, ಬಣ್ಣ ಸಿಡಿದದ್ದೂ ಸೇರಿ.

ಎರಡು ಡ್ರೈವಿನ ಕತಿ ಕೇಳಿ
ಚಾ ಬಸಿಗಿ ಸುರಕೊಂಡು ಊದಿದ.
ಹಂಗಾದ್ರ ನಂದೊಂದು ಫೋಟೋ ಆ ಲಗೂನದರಾಗ ಇಡು ತಂಗಿ,
ನಮ್ಮ ಹುಡುಗ ಆರಕ್ಕ ಬಂದ್ರ ನಿಂತು ಕಾಯಬಾರದು.
ಸೂರ್ಯ ಮಾತ್ರ ಹಾಕಬ್ಯಾಡ.
ನಕ್ಕ. ನಾನೂ ನಕ್ಕೆ.
ಬಸಿ ತೊಳದು ಬೋರಲ ಹಾಕಿ ಹೋದ.

ಅಕ್ಷರ ಎಲ್ಲಾ ಸಣ್ಣದಕ್ಕ ಸರಿಸಿದೆ,
ಕೆಟ್ಟ ಮೂರು 'ಣ' ಬಿಡದಂಗ.
ಫೋಟೋ ಒಂದು ಇತ್ತು, ಪಡಸಾಲಿ ಬೆಳಕಿಂದು,
ಕಿವಿಮ್ಯಾಲ ಕುಂಚ.
ಅದನ್ನ ದೊಡ್ಡದರಾಗ, 'ಹಳೇದು' ಅನ್ನೋದರ ಒಳಗ,
'ಹಳೇದು ಎರಡು' ಅನ್ನೋದರ ಒಳಗ,
ಹೆಸರಿಡದ ಒಂದು ಫೋಲ್ಡರಿನಾಗ ಬಿಟ್ಟೆ,
ಅದರ ಮ್ಯಾಲ ಹನ್ನೊಂದು ವರ್ಷದ ನಾಯಕರನ್ನ ಸುರದೆ.

ಇನ್ನೂ ನಾಕು ತಾಸು ಅಂತು ಪರದೆ.
ತಟಗ ತಡದು, ಏಳು ಅಂತು.
ಆಗ್ಲಿ ಅಂದೆ.