ಪರಖಿ

ಕಲಬುರಗಿ ಗಂಜಿನಲ್ಲಿ ನನ್ನ ಕೆಲಸ ಇಷ್ಟೇ:
ತೊಗರಿ ಚೀಲಕ್ಕೆ ಪರಖಿ ಚುಚ್ಚುವುದು.
ಬಾಯಿ ಬಿಚ್ಚಿ ಮೇಲಿನ ಹಿಡಿ ತೋರಿಸುವವನನ್ನು
ಇಪ್ಪತ್ತಾರು ವರ್ಷದಿಂದ ನಂಬಿಲ್ಲ.
ಹೊಟ್ಟೆಗೆ ಚುಚ್ಚಬೇಕು, ತಳಕ್ಕೆ ಚುಚ್ಚಬೇಕು,
ಅಂಗೈಗೆ ಸುರಿದುಕೊಂಡು ಊದಬೇಕು.
ನುಸಿ ಯಾವಾಗಲೂ ನಡುವೆ ಇರುತ್ತದೆ.

ಗುಂಡೇರಾವ ಪಟವಾರಿ ಕುದುರೆ ಹೇಳುತ್ತಾನೆ.
ಸ್ಟೇಷನ್ ಎದುರಿನ ಚಹಾದಂಗಡಿ, ಶನಿವಾರ, ಹತ್ತು ಗಂಟೆ.
ಮಲಕಪೇಟೆಯ ಲಾಯದಲ್ಲಿ ಹುಲ್ಲು ಹಾಕುವವನು
ಅವನ ಷಡ್ಡಕನಂತೆ;
ಯಾವುದು ರಾತ್ರಿ ಹುರುಳಿ ಬಿಟ್ಟಿತು,
ಯಾವುದರ ಮುಂಗಾಲು ಬಿಸಿಯಾಗಿದೆ,
ಎಲ್ಲ ಫೋನಿನಲ್ಲಿ ಬರುತ್ತದಂತೆ.
ತಿಂಗಳಿಗೆ ಇನ್ನೂರು.
"ಮೂರಕ್ಕ ಒಂದು ಪಕ್ಕಾ ಬರ್ತದ ನೋಡ್ರಿ."

ನಾನು ಒಂದು ಪೈಸೆ ಕಟ್ಟಲಿಲ್ಲ. ಬರೆದೆ.
ಮಿಲ್ಲಿನ ಹಳೆಯ ತೂಕದ ವಹಿ, ಹಿಂಬದಿಯ ಖಾಲಿ ಹಾಳೆ,
ಕುದುರೆಗೆ ನೂರು ಕಟ್ಟಿದಂತೆ ಲೆಕ್ಕ.
ಅವನು ಹೇಳಿದ ದರವಲ್ಲ, ಓಟಕ್ಕೆ ಬಿಟ್ಟಾಗಿನ ದರ.
ಅವನ ಬಾಯಲ್ಲಿ ಒಂದಕ್ಕೆ ಐದು ಇದ್ದದ್ದು
ಗೇಟು ತೆರೆಯುವಷ್ಟರಲ್ಲಿ ಎರಡೂ ಇರುತ್ತಿರಲಿಲ್ಲ.
ಹದಿನಾಲ್ಕು ತಿಂಗಳು,
ಮಲಕಪೇಟೆ ಮುಚ್ಚಿದಾಗ ಪುಣೆ,
ಒಟ್ಟು ನೂರಾ ಇಪ್ಪತ್ತು ಕುದುರೆ.

ನಲವತ್ತೊಂದು ಗೆದ್ದವು.
ಮೂರಕ್ಕೆ ಒಂದು. ಮಾತು ಸುಳ್ಳಲ್ಲ.
ಕಟ್ಟಿದ್ದು ಹನ್ನೆರಡು ಸಾವಿರ,
ಬಂದದ್ದು ಹತ್ತು ಸಾವಿರದ ಆರುನೂರ ಅರವತ್ತು,
ಮೇಲೆ ಅವನ ಫೀಸು ಎರಡು ಸಾವಿರದ ಎಂಟುನೂರು.
ಕಾಳು ಖರೆ, ತೂಕ ಕಡಿಮೆ:
ಅಂಥ ಚೀಲ ನಮ್ಮಲ್ಲೂ ಬರುತ್ತವೆ.

ಬಂದದ್ದರಲ್ಲೂ ಎರಡು ಸಾವಿರದ ಮುನ್ನೂರು
ಡೆಕ್ಕನ್ ದುಪಟ್ಟಾ ಎಂಬ ಒಂದೇ ಹೆಣ್ಣು ಕುದುರೆಯದು,
ಒಂದಕ್ಕೆ ಇಪ್ಪತ್ತೆರಡು, ಮಳೆ ಬಿದ್ದ ಮರುದಿನ.
ಅವತ್ತು ಗುಂಡೇರಾವ
ಇಡೀ ಅಂಗಡಿಗೆ ಮಿರ್ಚಿ ಭಜಿ ಕೊಡಿಸಿದ.

ಆಮೇಲೆ ಗಡಿಯಾರ ರಿಪೇರಿಯ ನಜೀರನ ಡೈರಿ ನೋಡಿದೆ.
ಅದೇ ಶನಿವಾರ, ಅದೇ ನಾಲ್ಕನೇ ಓಟ, ಬೇರೆ ಕುದುರೆ.
ಹಮಾಲಿ ಭೀಮಶಾ ಬರೆಯುವವನಲ್ಲ;
ಬೆರಳು ಮಡಚಿ ನೆನೆಸಿಕೊಂಡು ಮತ್ತೊಂದು ಹೆಸರು ಹೇಳಿದ.
ಐದು ಕುದುರೆಯ ಓಟ, ಮೂವರಿಗೆ ಮೂರು.
ಗೆದ್ದವನು ಅಂಗಡಿಗೆ ಬಂದು ಕೂಗುತ್ತಾನೆ,
ಸೋತವರು ಅವತ್ತು ಚಹಾಕ್ಕೆ ಬರುವುದಿಲ್ಲ.

ವಹಿ ಅವನ ಮುಂದಿಟ್ಟೆ.
ಬೈಯುತ್ತಾನೆ ಅಂದುಕೊಂಡಿದ್ದೆ.
ಕನ್ನಡಕ ಏರಿಸಿ, ಬೆರಳಿಗೆ ಉಗುಳು ಹಚ್ಚಿ
ಒಂದೊಂದೇ ಹಾಳೆ ತಿರುವಿದ.
ಇಷ್ಟು ವರ್ಷದಲ್ಲಿ ಅವನ ಮಾತನ್ನು
ಯಾರೂ ಬರೆದಿಟ್ಟಿರಲಿಲ್ಲವೋ ಏನೋ.
ಡೆಕ್ಕನ್ ದುಪಟ್ಟಾ ಬಂದಲ್ಲಿ ಬೆರಳು ನಿಂತಿತು.
"ಇದೊಂದು ಖರೇನ ನನಗ ಅನಿಸಿತ್ರಿ," ಅಂದ.
"ಮತ್ತ ಷಡ್ಡಕ?"
"ಅಂವ ಹೋಗಿ ಆರು ವರ್ಷ ಆಗ್ಯಾವ."
ಎರಡು ಚಹಾ ಹೇಳಿದ,
ಒಂದಕ್ಕೆ ಸಕ್ಕರೆ ಬೇಡ ಅಂದ.
ಅದು ನನ್ನದು. ನೆನಪಿಟ್ಟಿದ್ದ.

ಹದಿನೈದನೇ ತಿಂಗಳ ಇನ್ನೂರು ಕೊಟ್ಟು ಬಂದೆ.
ಯಾವ ಬಾಬ್ತಿಗೆ ಹಾಕಬೇಕೋ,
ವಹಿ ಇನ್ನೂ ತೆರೆದೇ ಇದೆ.